ಎಷ್ಟು ಜನರನ್ನು ಕೇಳಿದಿರಿ, ಯಾರನ್ನು ಕೇಳಿದಿರಿ

ಸಿರುಗುಪ್ಪದವರಿಗೆ ಜಿಲ್ಲಾ ಕೇಂದ್ರವೆಂದರೆ ಬಳ್ಳಾರಿ. ಜಿಲ್ಲಾಧಿಕಾರಿಯನ್ನು ಕಾಣಬೇಕಾದರೂ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೂ ಅವರು ಹತ್ತುವುದು ಬಳ್ಳಾರಿ ಬಸ್ಸನ್ನೇ. ಲೋಕಸಭೆ ಚುನಾವಣೆ ಬಂದಾಗ ಮಾತ್ರ ಅವರ ಮತ ಬೇರೆ ದಾರಿ ಹಿಡಿದು ಕೊಪ್ಪಳ ಕ್ಷೇತ್ರದ ಲೆಕ್ಕಕ್ಕೆ ಸೇರುತ್ತದೆ. ಬಳ್ಳಾರಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಬಳ್ಳಾರಿ ಲೋಕಸಭೆಗೆ ಸೇರಿದರೆ, ಸಿರುಗುಪ್ಪವೊಂದು ಸಿಂಧನೂರು, ಗಂಗಾವತಿ, ಕುಷ್ಟಗಿಗಳ ಜೊತೆ ಕೊಪ್ಪಳಕ್ಕೆ ಹೋಗುತ್ತದೆ. ಕುರುಗೋಡಿನ ಕಥೆ ಇನ್ನೊಂದು ಬಗೆಯದು. 2008ರ ಕ್ಷೇತ್ರ ಮರುವಿಂಗಡಣೆಯವರೆಗೆ ಕುರುಗೋಡು ಹೆಸರಿನದೇ ಒಂದು ವಿಧಾನಸಭಾ ಕ್ಷೇತ್ರವಿತ್ತು. ಅದು ಅಳಿದ ಮೇಲೆ ಊರು ಕಂಪ್ಲಿ ಕ್ಷೇತ್ರದ ಪಾಲಾಗಿ, ಅದರ ಮೂಲಕ ಬಳ್ಳಾರಿ ಲೋಕಸಭೆಯಲ್ಲಿ ಉಳಿದುಕೊಂಡಿತು.

ಮುಂದಿನ ಲೋಕಸಭೆ ಚುನಾವಣೆಯಲ್ಲಿ ದೆಹಲಿಯ ಗದ್ದುಗೆ ಯಾರಿಗೆ ಎಂದು ಮುಂಚಿತವಾಗಿ ಹೇಳಲು ಹೊರಟವರು ಮೊದಲು ಎದುರಿಸಬೇಕಾದದ್ದು ಇಂಥ ಗೆರೆಗಳನ್ನು. ಜನರ ಮನಸ್ಸು ತಿಳಿಯುವುದು ಒಂದು ಕೆಲಸ. ಆ ಮನಸ್ಸುಗಳು ಯಾವ ಗೆರೆಯೊಳಗೆ ಕೂಡಿ ಯಾರನ್ನು ಗೆಲ್ಲಿಸುತ್ತವೆ ಎಂದು ಲೆಕ್ಕ ಹಾಕುವುದು ಪೂರ್ತಿ ಬೇರೆ ಕೆಲಸ. ಎರಡಕ್ಕೂ ಗಣಿತವಿದೆ, ಎರಡರಲ್ಲೂ ತಪ್ಪಲು ಬೇಕಾದಷ್ಟು ಅವಕಾಶವಿದೆ.

ಮೊದಲು ಒಂದು ಸುಲಭದ ದಾರಿಯನ್ನು ನೋಡಿ ಬಿಟ್ಟುಬಿಡೋಣ. ಕೆಲವು ಕ್ಷೇತ್ರಗಳು ಇಡೀ ದೇಶದ ನಾಡಿಯಂತೆ, ಅಲ್ಲಿ ಗೆದ್ದ ಪಕ್ಷವೇ ದೆಹಲಿಯಲ್ಲೂ ಗೆಲ್ಲುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಬಳ್ಳಾರಿ ಅಂಥ ಊರೇ? 1952ರಿಂದ 1999ರವರೆಗಿನ 13 ಸಾರ್ವತ್ರಿಕ ಚುನಾವಣೆಗಳಲ್ಲೂ ಇಲ್ಲಿ ಕಾಂಗ್ರೆಸ್ಸೇ ಗೆದ್ದಿತು. ಮೊದಲನೆಯದು ನಡೆದಾಗ ಬಳ್ಳಾರಿ ಇನ್ನೂ ಮದರಾಸು ರಾಜ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಟೇಕೂರು ಸುಬ್ರಹ್ಮಣ್ಯಂ ಮೊದಲ ಸಂಸದರು. 1967 ಮತ್ತು 1971ರಲ್ಲಿ ಇಲ್ಲಿಂದ ಗೆದ್ದವರು ವಿ.ಕೆ.ಆರ್.ವಿ. ರಾವ್. ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನವನ್ನು ಅರೆಬರೆ ಅಂಕಿಅಂಶಗಳಿಂದ ಅಂದಾಜು ಮಾಡಿ ತೋರಿಸಿದ ಅರ್ಥಶಾಸ್ತ್ರಜ್ಞ ಅವರು. ಸಿಕ್ಕಷ್ಟು ತುಣುಕುಗಳಿಂದ ಇಡಿಯದನ್ನು ಲೆಕ್ಕ ಹಾಕುವ ವಿದ್ಯೆಯ ದೊಡ್ಡ ಗುರುವೊಬ್ಬರು ಬಳ್ಳಾರಿಯ ಸಂಸದರಾಗಿದ್ದರು ಎಂಬುದು ನನಗೆ ಬಹಳ ಮೆಚ್ಚಿನ ಸಂಗತಿ.

1977ರಲ್ಲಿ ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ಸೋತಾಗ ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಬಂದವು, ಬಳ್ಳಾರಿಯೂ ಅದರಲ್ಲಿತ್ತು. 1999ರಲ್ಲಿ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಭಾಷಣ ಮಾಡಿದರು, ಸೋನಿಯಾ ಗಾಂಧಿ ಸುಮಾರು 56 ಸಾವಿರ ಮತಗಳಿಂದ ಗೆದ್ದರು, ದೆಹಲಿಯಲ್ಲಿ ಸರ್ಕಾರ ವಾಜಪೇಯಿ ಅವರದಾಯಿತು. 2004ರಲ್ಲಿ ದೇಶ ಕಾಂಗ್ರೆಸ್ಸಿನತ್ತ ತಿರುಗಿದರೆ ಬಳ್ಳಾರಿ ಮೊದಲ ಸಲ ಕಾಂಗ್ರೆಸ್ಸನ್ನು ಬಿಟ್ಟು ಬಿಜೆಪಿಯ ಕರುಣಾಕರ ರೆಡ್ಡಿ ಅವರನ್ನು ಆರಿಸಿತು. 2009ರಲ್ಲೂ ದೇಶ ಒಂದು ಕಡೆ, ಬಳ್ಳಾರಿ ಇನ್ನೊಂದು ಕಡೆ. 2014, 2019ರಲ್ಲಿ ಎರಡೂ ಒಂದಾದವು. 2024ರಲ್ಲಿ ಮತ್ತೆ ಬೇರೆಯಾದವು: ಬಳ್ಳಾರಿಯಲ್ಲಿ ಕಾಂಗ್ರೆಸ್ಸಿನ ಇ. ತುಕಾರಾಂ, ದೆಹಲಿಯಲ್ಲಿ ಎನ್‌ಡಿಎ. 1999ರಿಂದ ಈಚೆಗಿನ ಆರರಲ್ಲಿ ನಾಲ್ಕು ಸಲ ಬಳ್ಳಾರಿ ದೇಶಕ್ಕೆ ಎದುರಾಗಿಯೇ ನಡೆದಿದೆ.

ಹಾಗಾದರೆ ಬಳ್ಳಾರಿ ಹೇಳಿದ್ದರ ವಿರುದ್ಧ ಆಗುತ್ತದೆ ಎಂದು ಹೊಸ ನಿಯಮ ಮಾಡಬಹುದೇ? ಬೇಡ. ದೇಶದಲ್ಲಿ 543 ಕ್ಷೇತ್ರಗಳಿವೆ. ಪ್ರತಿ ಕ್ಷೇತ್ರವೂ ನಾಣ್ಯ ಚಿಮ್ಮಿ ಫಲಿತಾಂಶ ಕೊಟ್ಟರೂ, ಆರು ಚುನಾವಣೆಗಳಲ್ಲಿ ಆರಕ್ಕೆ ಆರೂ ದೆಹಲಿಯ ಜೊತೆ ಹೊಂದಿಕೊಳ್ಳುವ ಕ್ಷೇತ್ರಗಳು ಎಂಟರಷ್ಟು ಸಿಗುತ್ತವೆ. 543ನ್ನು ಆರು ಸಲ ಅರ್ಧ ಮಾಡಿ ನೋಡಿ. ಆ ಎಂಟು ಊರುಗಳ ಬಗ್ಗೆ ಟಿವಿಯವರು ವಿಶೇಷ ಕಾರ್ಯಕ್ರಮ ಮಾಡುತ್ತಾರೆ. ಏಳನೆಯ ಸಲ ಅವುಗಳಲ್ಲಿ ಅರ್ಧ ತಪ್ಪುತ್ತವೆ.

ಊರಿನಿಂದ ದೇಶವನ್ನು ಅಳೆಯಲಾಗದು. ಹಾಗಾದರೆ ಎಷ್ಟು ಜನರನ್ನು ಕೇಳಿದರೆ ಸಾಕು?

ಇದಕ್ಕೆ ಉತ್ತರ ಹುಡುಕಲು ಸಿರುಗುಪ್ಪದ ಗದ್ದೆಗೇ ಹೋಗಬಹುದು. ತುಂಗಭದ್ರಾ ಕಾಲುವೆಯ ನೀರಿನ ಭತ್ತದ ಸೀಮೆ ಇದು. ಬೆಳೆ ವಿಮೆಗಾಗಿ ಇಲ್ಲಿ ಪ್ರತಿ ವರ್ಷ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಗ್ರಾಮ ಪಂಚಾಯಿತಿಯ ಎಲ್ಲ ಹೊಲಗಳನ್ನೂ ಕೊಯ್ದು ತೂಗಿ ಇಳುವರಿ ಲೆಕ್ಕ ಹಾಕುವವರಿಲ್ಲ. ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ ನಾಲ್ಕು ಕಟಾವು ಸಾಕು. ಯಾವ ಸರ್ವೆ ನಂಬರು, ಹೊಲದ ಮೂಲೆಯಿಂದ ಎಷ್ಟು ಹೆಜ್ಜೆ ಒಳಗೆ ಎಂಬುದನ್ನು ಮೊದಲೇ ಯಾದೃಚ್ಛಿಕ ಸಂಖ್ಯೆಗಳಿಂದ ಆರಿಸಿರುತ್ತಾರೆ. ಅಲ್ಲಿ ಅಳತೆ ಹಿಡಿದು ಚೌಕ ಗುರುತು ಮಾಡಿ, ಅಷ್ಟನ್ನೇ ಕೊಯ್ದು, ಬಡಿದು, ತೂಗುತ್ತಾರೆ. ಈ ವಿಧಾನದ ಜೀವಾಳ ಇರುವುದು ಒಂದೇ ಕಟ್ಟುಪಾಡಿನಲ್ಲಿ: ಚೌಕವನ್ನು ರೈತನೂ ಆರಿಸುವಂತಿಲ್ಲ, ಅಳೆಯಲು ಬಂದ ನೌಕರನೂ ಆರಿಸುವಂತಿಲ್ಲ. ದಾರಿಬದಿಯ ಹೊಲ ಹತ್ತಿರ ಎಂದು ಅಲ್ಲೇ ಕೊಯ್ದರೆ ಇಡೀ ಪಂಚಾಯಿತಿಯ ಲೆಕ್ಕ ಕೆಡುತ್ತದೆ.

ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಪಿ.ಸಿ. ಮಹಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಅಳೆಯಲು ಹೊರಟವರು. ಸುಖಾತ್ಮೆ 1940ರ ದಶಕದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿಕೊಟ್ಟರು. ತೀರ ಸಣ್ಣ ಚೌಕಗಳನ್ನು ಕೊಯ್ದರೆ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ, ಏಕೆಂದರೆ ಗೆರೆಯ ಮೇಲೆ ನಿಂತ ಪೈರನ್ನು ಕೊಯ್ಯುವವರು ತಿಳಿಯದೆಯೇ ಒಳಗೆ ಸೇರಿಸಿಕೊಳ್ಳುತ್ತಾರೆ. ಇಂಥ ಸಣ್ಣ ಚೌಕಗಳನ್ನು ಸಾವಿರಗಟ್ಟಲೆ ಕೊಯ್ದರೂ ಆ ತಪ್ಪು ಕರಗುವುದಿಲ್ಲ. ಪ್ರತಿ ಚೌಕದಲ್ಲೂ ಅದು ಒಂದೇ ದಿಕ್ಕಿಗೆ ವಾಲಿರುತ್ತದಲ್ಲ! ಚುನಾವಣಾ ಸಮೀಕ್ಷೆಗಳ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಈ ಭತ್ತದ ಚೌಕದೊಳಗೇ ಇದೆ. ಆಕಸ್ಮಿಕ ತಪ್ಪು ಸಂಖ್ಯೆ ಹೆಚ್ಚಿದಂತೆ ಕಡಿಮೆಯಾಗುತ್ತದೆ, ವಾಲಿದ ತಪ್ಪು ಎಷ್ಟು ಜನರನ್ನು ಕೇಳಿದರೂ ಹಾಗೇ ಉಳಿಯುತ್ತದೆ.

ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಈ ಪಾಠವನ್ನು 1936ರಲ್ಲಿ ದುಬಾರಿ ಬೆಲೆ ತೆತ್ತು ಕಲಿಯಿತು. ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ ಹೆಸರು ತೆಗೆದು ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ರೂಸ್ವೆಲ್ಟ್ ಸೋಲುತ್ತಾರೆ ಎಂದಿತು ಪತ್ರಿಕೆ, ಅವರು ಭಾರಿ ಅಂತರದಿಂದ ಗೆದ್ದರು. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದ್ದರು.

ಸರಿಯಾಗಿ ಆರಿಸಿದ ಸಾವಿರ ಮತದಾರರನ್ನು ಕೇಳಿದರೆ, ಒಂದು ಪಕ್ಷದ ಮತಪಾಲಿನ ಅಂದಾಜು ಸುಮಾರು ಶೇ. 3ರಷ್ಟು ಆಚೀಚೆ ಇರುತ್ತದೆ. ಆ ತಪ್ಪನ್ನು ಅರ್ಧಕ್ಕೆ ಇಳಿಸಲು ಎರಡು ಸಾವಿರ ಸಾಲದು, ನಾಲ್ಕು ಸಾವಿರ ಬೇಕು. ವಿಚಿತ್ರವೆಂದರೆ ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರಿರಲಿ, ದೇಶದಲ್ಲಿ ತೊಂಬತ್ತು ಕೋಟಿ ಇರಲಿ, ಈ ಸಾವಿರದ ಲೆಕ್ಕ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಇದರ ಇನ್ನೊಂದು ಮುಖ ಕಠಿಣವಾದದ್ದು: ಬಳ್ಳಾರಿಯೊಂದನ್ನೇ ತಿಳಿಯಬೇಕಾದರೂ ದೇಶಕ್ಕೆ ಬೇಕಾದಷ್ಟೇ ಜನರನ್ನು ಕೇಳಬೇಕು. ದೇಶದಾದ್ಯಂತ ಐವತ್ತು ಸಾವಿರ ಜನರ ಸಮೀಕ್ಷೆ ಎಂದು ಹೇಳಿಕೊಂಡರೆ, ಪ್ರತಿ ಲೋಕಸಭಾ ಕ್ಷೇತ್ರಕ್ಕೆ ಸಿಗುವುದು ತೊಂಬತ್ತು ಚಿಲ್ಲರೆ ಜನ. ಅಷ್ಟನ್ನು ಹಿಡಿದು ಬಳ್ಳಾರಿಯಲ್ಲಿ ಇಂಥವರೇ ಗೆಲ್ಲುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

2009ನ್ನೇ ನೋಡಿ. ಮರುವಿಂಗಡಣೆಯಾಗಿ, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಮೇಲೆ ಬಳ್ಳಾರಿಗೆ ಬಂದ ಮೊದಲ ಚುನಾವಣೆ ಅದು. ಬಿಜೆಪಿಯ ಜೆ. ಶಾಂತಾ ಮತ್ತು ಕಾಂಗ್ರೆಸ್ಸಿನ ಎನ್.ವೈ. ಹನುಮಂತಪ್ಪ ಇಬ್ಬರೂ ನಾಲ್ಕು ಲಕ್ಷದ ಆಸುಪಾಸಿನಲ್ಲಿ ಮತ ಪಡೆದರು. ಅಂತರ 2,243. ನೂರಕ್ಕೆ ಕಾಲು ಭಾಗದಷ್ಟು. ಇಂಥ ಅಂತರವನ್ನು ಮುಂಚಿತವಾಗಿ ಖಚಿತವಾಗಿ ಹಿಡಿಯಬೇಕಾದರೆ ಲಕ್ಷಗಟ್ಟಲೆ ಮತದಾರರನ್ನು ಕೇಳಬೇಕಾಗುತ್ತದೆ, ಅಂದರೆ ಚುನಾವಣೆಯನ್ನೇ ಇನ್ನೊಮ್ಮೆ ನಡೆಸಿದ ಹಾಗೆ. ಅಲ್ಲಿ ಪ್ರಾಮಾಣಿಕ ಉತ್ತರ ಒಂದೇ: ಹೇಳಲಾಗದು, ಸಮಸಮ.

ಇಡೀ ದೇಶದ ಭವಿಷ್ಯ ಹೇಳುವವರು ಹಾಗಾಗಿ ಬೇರೆ ಉಪಾಯ ಹೂಡುತ್ತಾರೆ. ಪ್ರತಿ ಕ್ಷೇತ್ರವನ್ನೂ ಹೊಸದಾಗಿ ಅಳೆಯುವ ಬದಲು, ಹೋದ ಸಲದ ಫಲಿತಾಂಶವನ್ನು ಆಧಾರವಾಗಿಟ್ಟುಕೊಂಡು, ರಾಜ್ಯದಲ್ಲಿ ಮತ ಎಷ್ಟು ವಾಲಿದೆ ಎಂದಷ್ಟೇ ಸಮೀಕ್ಷೆಯಿಂದ ಕಂಡುಕೊಂಡು, ಆ ವಾಲುವಿಕೆಯನ್ನು ಎಲ್ಲ ಕ್ಷೇತ್ರಗಳಿಗೂ ಹಚ್ಚುತ್ತಾರೆ. ಬ್ರಿಟನ್ನಿನ ಡೇವಿಡ್ ಬಟ್ಲರ್ ಅಲ್ಲಿ ಪ್ರಚಾರಕ್ಕೆ ತಂದ ಈ ವಿಧಾನವನ್ನು 1980ರ ದಶಕದಲ್ಲಿ ಪ್ರಣಯ್ ರಾಯ್ ಮತ್ತು ಅಶೋಕ್ ಲಾಹಿರಿ ಅವರ ಜೊತೆ ಸೇರಿ ಭಾರತಕ್ಕೆ ಹೊಂದಿಸಿದರು. ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಬಳ್ಳಾರಿ ಜಿಲ್ಲೆಯಲ್ಲೇ ಪರೀಕ್ಷಿಸಬಹುದು, ಏಕೆಂದರೆ ಒಂದೇ ಜಿಲ್ಲೆಯ ಜನ ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿದ್ದಾರೆ.

2019ರಲ್ಲಿ ಬಳ್ಳಾರಿಯಲ್ಲಿ ಬಿಜೆಪಿ 55,707 ಮತಗಳಿಂದ ಮುಂದಿತ್ತು, ಕೊಪ್ಪಳದಲ್ಲಿ 38,397ರಿಂದ. 2024ರ ಮೇ 7ರಂದು ಎರಡೂ ಕಡೆ ಒಂದೇ ದಿನ ಮತದಾನ. ಬಳ್ಳಾರಿಯಲ್ಲಿ ಕಾಂಗ್ರೆಸ್ 98,992ರಿಂದ ಗೆದ್ದಿತು, ಕೊಪ್ಪಳದಲ್ಲಿ 46,357ರಿಂದ. ಅಂದರೆ ಕುರುಗೋಡು ಸೇರಿದ ಕ್ಷೇತ್ರದಲ್ಲಿ ಅಂತರ ಒಂದೂವರೆ ಲಕ್ಷಕ್ಕೂ ಹೆಚ್ಚು ತಿರುಗಿತು, ಸಿರುಗುಪ್ಪ ಸೇರಿದ ಕ್ಷೇತ್ರದಲ್ಲಿ ಸುಮಾರು 85 ಸಾವಿರ. ದಿಕ್ಕು ಒಂದೇ, ಪ್ರಮಾಣ ಬೇರೆ. ಗಾಳಿ ಎಂದು ಜನ ಕರೆಯುವ ವಸ್ತು ನಿಜವಾಗಿಯೂ ಇದೆ, ಅದು ಗಡಿ ದಾಟಿ ಬೀಸುತ್ತದೆ. ಎಲ್ಲ ಕಡೆ ಒಂದೇ ಬಿರುಸಿನಲ್ಲಿ ಬೀಸುವುದಿಲ್ಲ, ಅಷ್ಟೇ. ಅಭ್ಯರ್ಥಿ ಯಾರು, ಒಳಏಟು ಎಲ್ಲಿ ಬಿತ್ತು, ಯಾವ ಸಮುದಾಯ ಒಗ್ಗೂಡಿತು ಎಂಬುದೆಲ್ಲ ಅದರ ಮೇಲೆ ಕೆಲಸ ಮಾಡುತ್ತದೆ.

ಈ ವಿಧಾನ ಪೂರ್ತಿ ಕೈಕೊಡುವುದು ಚುನಾವಣೆಯ ಪ್ರಶ್ನೆಯೇ ಬದಲಾದಾಗ. ಬಿ. ಶ್ರೀರಾಮುಲು ವಿಧಾನಸಭೆಗೆ ಹೋದದ್ದರಿಂದ ತೆರವಾದ ಬಳ್ಳಾರಿ ಲೋಕಸಭೆಗೆ 2018ರ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಗೆದ್ದ ಅಂತರ 2,43,161. ಬಳ್ಳಾರಿಯಲ್ಲಿ ಇನ್ನು ಬಿಜೆಪಿಯ ಕಥೆ ಮುಗಿಯಿತು ಎಂದು ಬರೆದವರಿಗೆ ಲೆಕ್ಕವಿಲ್ಲ. ಆರು ತಿಂಗಳೂ ತುಂಬುವ ಮೊದಲೇ, 2019ರ ಏಪ್ರಿಲ್‌ನಲ್ಲಿ, ಅದೇ ಉಗ್ರಪ್ಪ, ಅದೇ ಕಾಂಗ್ರೆಸ್-ಜೆಡಿಎಸ್ ಮೈತ್ರಿ, ಅದೇ ಮತದಾರರು. ಗೆದ್ದದ್ದು ಬಿಜೆಪಿಯ ವೈ. ದೇವೇಂದ್ರಪ್ಪ. ಸುಮಾರು ಮೂರು ಲಕ್ಷದ ತಿರುವು. ನವೆಂಬರ್‌ನಲ್ಲಿ ಜನ ಉತ್ತರಿಸಿದ್ದು ಊರಿನ ಪ್ರಶ್ನೆಗೆ, ಏಪ್ರಿಲ್‌ನಲ್ಲಿ ಪ್ರಧಾನಿಯ ಪ್ರಶ್ನೆಗೆ ಎಂದು ನಾನು ಓದುತ್ತೇನೆ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 1984ರ ಡಿಸೆಂಬರ್‌ನಲ್ಲಿ 28ರಲ್ಲಿ 24 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನ, 1985ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನು 139 ಶಾಸಕರೊಂದಿಗೆ ವಿಧಾನಸೌಧಕ್ಕೆ ಕಳಿಸಿದರು. ಉಪಚುನಾವಣೆಯ ಇಲ್ಲವೇ ವಿಧಾನಸಭೆಯ ಫಲಿತಾಂಶ ನೋಡಿ ಲೋಕಸಭೆಯ ಭವಿಷ್ಯ ಹೇಳುವವರು ಈ ಎರಡು ಜೋಡಿಗಳನ್ನು ಎದುರಿಗಿಟ್ಟುಕೊಳ್ಳಬೇಕು.

ಮತಪಾಲು ಸರಿಯಾಗಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅದನ್ನು ಸ್ಥಾನಗಳಾಗಿ ಬದಲಿಸುವಾಗ ಇನ್ನೊಂದು ಕಂದಕವಿದೆ. 2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಂದ ಮತ ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36. ಸ್ಥಾನಗಳು? ಕಾಂಗ್ರೆಸ್ಸಿಗೆ 80, ಬಿಜೆಪಿಗೆ 104. ಹೆಚ್ಚು ಮತ ಪಡೆದವರಿಗೆ 24 ಸ್ಥಾನ ಕಡಿಮೆ! ಮತ ಎಲ್ಲ ಕಡೆ ತೆಳ್ಳಗೆ ಹರಡಿದೆಯೋ ಕೆಲವೆಡೆ ದಟ್ಟವಾಗಿ ನಿಂತಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ. ಎದುರಾಳಿ ಮತ ಒಡೆಯಿತೇ ಎಂಬುದೂ ಅಷ್ಟೇ ಮುಖ್ಯ.

ಬಳ್ಳಾರಿ ನಗರ 2023ರಲ್ಲಿ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಕೊಟ್ಟಿತು. ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿ ಸುಮಾರು 86 ಸಾವಿರ ಮತ ಪಡೆದು ಗೆದ್ದರು. ಎರಡನೆಯ ಸ್ಥಾನ ಜನಾರ್ದನ ರೆಡ್ಡಿ ಕಟ್ಟಿದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಅರುಣಾ ಲಕ್ಷ್ಮಿ ಅವರದು, ಸುಮಾರು 48 ಸಾವಿರ. ಅದೇ ಕುಟುಂಬದ, ಬಿಜೆಪಿಯಲ್ಲೇ ಉಳಿದಿದ್ದ ಸೋಮಶೇಖರ ರೆಡ್ಡಿ ಮೂರನೆಯವರು, 37 ಸಾವಿರದಷ್ಟು. ಕೊನೆಯ ಎರಡನ್ನು ಕೂಡಿಸಿ ನೋಡಿ, ಗೆದ್ದವರ ಹತ್ತಿರಕ್ಕೇ ಬರುತ್ತದೆ. ಬಟ್ಲರ್ ಮತ್ತು ಜೊತೆಗಾರರು ಇಂಥ ಒಡಕನ್ನು ಅಳೆಯಲೆಂದೇ ವಿರೋಧ ಪಕ್ಷಗಳ ಒಗ್ಗಟ್ಟಿನ ಸೂಚ್ಯಂಕ ಎಂಬುದನ್ನು ಮಾಡಿದರು: ಎದುರಾಳಿಗಳ ಒಟ್ಟು ಮತದಲ್ಲಿ ಅವರ ಪೈಕಿ ದೊಡ್ಡವರ ಪಾಲು ನೂರಕ್ಕೆ ಎಷ್ಟು ಎಂಬುದು. ಬಳ್ಳಾರಿ ನಗರದಲ್ಲಿ ಈ ಇಬ್ಬರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅದು 57ರಷ್ಟು, ಎದುರಾಳಿ ಮತ ಹೆಚ್ಚುಕಡಿಮೆ ಎರಡು ಹೋಳು. 2024ರ ಮಾರ್ಚ್‌ನಲ್ಲಿ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. ಕಾಗದದ ಮೇಲೆ ಸೂಚ್ಯಂಕ ಮೇಲೇರಿತು. ಆದರೂ ಮೇ ತಿಂಗಳಲ್ಲಿ ಬಳ್ಳಾರಿ ಲೋಕಸಭೆಯನ್ನು ಕಾಂಗ್ರೆಸ್ ಗೆದ್ದಿತು. ನಾಯಕರು ಒಂದಾದರೆ ಮತಗಳೂ ಹಾಗೆಯೇ ಕೂಡಿಕೊಳ್ಳುತ್ತವೆ ಎಂದು ಲೆಕ್ಕ ಹಾಕುವುದು ಅಪಾಯದ ಕೆಲಸ.

ಈ ಅನಿಶ್ಚಿತತೆಯನ್ನೆಲ್ಲ ಇಟ್ಟುಕೊಂಡೂ ದೇಶದ ಮೊತ್ತ ಹೇಳುವ ಮರ್ಯಾದೆಯ ದಾರಿಯೊಂದಿದೆ. ಸಂಖ್ಯಾಶಾಸ್ತ್ರಜ್ಞ ರಾಜೀವ ಕರಂದೀಕರ್ ಭಾರತದಲ್ಲಿ ಅದನ್ನು ಬಳಸಿ ತೋರಿಸಿದವರು. ಒಂದು ಕ್ಷೇತ್ರವನ್ನು ಗೆಲುವು ಇಲ್ಲವೇ ಸೋಲು ಎಂದು ಬರೆಯುವ ಬದಲು ಗೆಲ್ಲುವ ಸಂಭವನೀಯತೆಯನ್ನು ಬರೆಯುವುದು. ಒಂದು ಪಕ್ಷಕ್ಕೆ ಮೂರು ಕ್ಷೇತ್ರಗಳಲ್ಲಿ 0.9, 0.6, 0.3 ಎಂದಿದ್ದರೆ ನಿರೀಕ್ಷೆ 1.8 ಸ್ಥಾನ. ಯಾವ ಕ್ಷೇತ್ರ ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ತಿಳಿಯದೆಯೂ 543ರ ಮೊತ್ತ ಚೆನ್ನಾಗಿಯೇ ಬರಬಹುದು, ಏಕೆಂದರೆ ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ತಪ್ಪು ಸರಿದೂಗಿಸುತ್ತದೆ.

ಸರಿದೂಗಿಸುವುದು ತಪ್ಪುಗಳು ಬೇರೆ ಬೇರೆ ದಿಕ್ಕಿನವಾಗಿದ್ದಾಗ ಮಾತ್ರ. 2024ರ ಜೂನ್ 1ರ ಸಂಜೆ ಬಂದ ಮತಗಟ್ಟೆ ಸಮೀಕ್ಷೆಗಳಲ್ಲಿ ಹೆಚ್ಚಿನವು ಎನ್‌ಡಿಎಗೆ 350ಕ್ಕಿಂತ ಹೆಚ್ಚು ಸ್ಥಾನ ಕೊಟ್ಟವು. ಜೂನ್ 4ರಂದು ಬಂದದ್ದು 293. ಕರ್ನಾಟಕದಲ್ಲಿ ಬಿಜೆಪಿ ಮತ್ತು ಜೆಡಿಎಸ್ ಕೂಡಿ 19, ಕಾಂಗ್ರೆಸ್ 9. ಸಮೀಕ್ಷೆಗಳು ಕಾಂಗ್ರೆಸ್ಸಿಗೆ ಕೊಟ್ಟದ್ದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಒಂದು ಸಮೀಕ್ಷೆ ತಪ್ಪಿದ್ದರೆ ಆಕಸ್ಮಿಕ ಎನ್ನಬಹುದು. ಎಲ್ಲರೂ ಒಂದೇ ಕಡೆ ತಪ್ಪಿದಾಗ ಅದು ಸುಖಾತ್ಮೆ ತೋರಿಸಿದ ಜಾತಿಯ ತಪ್ಪು. ಒಂದೇ ಬಗೆಯ ಜನ ಎಲ್ಲರ ಪಟ್ಟಿಯಿಂದಲೂ ಬಿಟ್ಟುಹೋಗಿದ್ದರು, ಅಥವಾ ಒಂದೇ ಬಗೆಯ ಜನ ಎಲ್ಲರಿಗೂ ಮನದ ಮಾತು ಹೇಳಲಿಲ್ಲ.

ಬಿಟ್ಟುಹೋಗುವವರು ಯಾರು ಎಂಬುದು ಇಲ್ಲಿಯ ದಿನಚರಿ ಬಲ್ಲವರಿಗೆ ಗೊತ್ತು. ಸಮೀಕ್ಷೆಯ ಹುಡುಗ ಬೆಳಗಿನ ಹನ್ನೊಂದು ಗಂಟೆಗೆ ತೆಕ್ಕಲಕೋಟೆಗೋ ಹಚ್ಚೊಳ್ಳಿಗೋ ಬಂದರೆ ಸಿಗುವುದು ಕಟ್ಟೆಯ ಮೇಲಿನ ಹಿರಿಯರು, ಅಂಗಡಿಯವರು, ಬಸ್ ನಿಲ್ದಾಣದ ಯುವಕರು. ಕೂಲಿಗೆ ಹೋದ ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದುಡಿಯುವವರು ಕತ್ತಲಾದ ಮೇಲೇ ಮನೆಗೆ ಬರುವುದು. ಫೋನಿನಲ್ಲಿ ಕೇಳಿದರೆ ಎತ್ತುವವರು ಹೆಚ್ಚಾಗಿ ಗಂಡಸರು. ಕೌಲ್‌ಬಜಾರಿನಲ್ಲಿ ಉರ್ದು, ಆಚೆ ಓಣಿಯಲ್ಲಿ ತೆಲುಗು, ಇನ್ನೊಂದು ಕಡೆ ಕನ್ನಡ. ಕೇಳುವವನ ಭಾಷೆ, ಉಡುಪು, ಹೆಸರು ಮೂರನ್ನೂ ನೋಡಿಯೇ ಜನ ಬಾಯಿ ಬಿಡುವುದು. ‘ಈ ಸಲ ಯಾರ ಕಡಿ ಐತ್ರಿ?’ ಎಂದರೆ ‘ಇನ್ನಾ ಏನೂ ವಿಚಾರ ಮಾಡಿಲ್ರಿ’ ಎನ್ನುವವರು ವಿಚಾರ ಮಾಡಿಯೇ ಇರುತ್ತಾರೆ. ಅಪರಿಚಿತನಿಗೆ ಹೇಳಲು ಮನಸ್ಸಿರುವುದಿಲ್ಲ. ಮತ ಗುಟ್ಟಾಗಿರಬೇಕು ಎಂದು ಕಾನೂನೇ ಹೇಳುವಾಗ ಅವರದು ತಪ್ಪಲ್ಲ.

ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ತಂಡ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಮೊದಲು ಮತಗಟ್ಟೆಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಆಮೇಲೆ ಮತದಾರರ ಪಟ್ಟಿಯಿಂದಲೇ ಹೆಸರು. ಕುರುಗೋಡಿನ ಒಂದು ಮತಗಟ್ಟೆಯಲ್ಲಿ ಸಾವಿರ ಹೆಸರಿದ್ದು ಇಪ್ಪತ್ತು ಜನ ಬೇಕಿದ್ದರೆ, ಒಂದರಿಂದ ಐವತ್ತರೊಳಗೆ ಒಂದು ಅಂಕಿ ಎತ್ತಿ, ಅಲ್ಲಿಂದ ಪ್ರತಿ ಐವತ್ತನೆಯ ಹೆಸರು. ಆ ಮನೆಯ ಬಾಗಿಲಿಗೇ ಹೋಗಬೇಕು, ಪಕ್ಕದ ಮನೆಯವರು ಆಗದು. ಪಕ್ಷಗಳ ಚಿಹ್ನೆಯಿರುವ ಮಾದರಿ ಮತಪತ್ರ ಕೊಟ್ಟು, ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಲು ಹೇಳುತ್ತಾರೆ. ಇದು ನಿಧಾನದ, ಖರ್ಚಿನ ಕೆಲಸ. ಒಂದೇ ಓಣಿಯ ಇಪ್ಪತ್ತು ಜನ ಹೆಚ್ಚುಕಡಿಮೆ ಒಂದೇ ಕಡೆ ಮತ ಹಾಕುವುದರಿಂದ, ಕಡಿಮೆ ಊರುಗಳಲ್ಲಿ ಹೆಚ್ಚು ಜನರನ್ನು ಕೇಳುವುದಕ್ಕಿಂತ ಹೆಚ್ಚು ಊರುಗಳಲ್ಲಿ ಕಡಿಮೆ ಜನರನ್ನು ಕೇಳುವುದು ಮೇಲು. ಟಿವಿ ಪರದೆಯ ಮೇಲೆ ಬರುವ ಸಮೀಕ್ಷೆಗಳಲ್ಲಿ ಎಷ್ಟು ಜನ ಎಂಬುದು ದೊಡ್ಡ ಅಕ್ಷರದಲ್ಲಿರುತ್ತದೆ. ಎಷ್ಟು ಮತಗಟ್ಟೆ, ಹೆಸರು ಬಂದದ್ದು ಯಾವ ಪಟ್ಟಿಯಿಂದ, ಎಷ್ಟು ಜನ ಉತ್ತರ ಕೊಡಲಿಲ್ಲ ಎಂಬುದೂ ಅಷ್ಟೇ ದೊಡ್ಡದಾಗಿ ಇರಬೇಕು ಎಂದು ನಾವು ಪಟ್ಟುಹಿಡಿಯಬೇಕು.

ಮುಂದಿನ ಲೋಕಸಭೆಯ ಲೆಕ್ಕಕ್ಕೆ ಕೂರುವವರಿಗೆ ಇನ್ನೊಂದು ಕೆಲಸ ಬೀಳಬಹುದು. ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಟ್ಟಕೂಡದೆಂದು ಸಂವಿಧಾನದ 84ನೆಯ ತಿದ್ದುಪಡಿ ನಿಲ್ಲಿಸಿತ್ತು. 2023ರಲ್ಲಿ ಸಂಸತ್ತು ಒಪ್ಪಿದ ಮಹಿಳಾ ಮೀಸಲಾತಿಯನ್ನೂ ಜನಗಣತಿ ಮತ್ತು ಮರುವಿಂಗಡಣೆಗೇ ಕಟ್ಟಲಾಯಿತು. ಗೆರೆಗಳು ಬದಲಾದ ದಿನ ಹೋದ ಸಲದ ಫಲಿತಾಂಶ ಎಂಬ ಆಧಾರವೇ ಕೈಬಿಡುತ್ತದೆ, 2009ರಲ್ಲಿ ಬಳ್ಳಾರಿಗೂ ಕೊಪ್ಪಳಕ್ಕೂ ಆದ ಹಾಗೆ. ಆಗ ಮತಗಟ್ಟೆವಾರು ಮತಗಳನ್ನು ಬರೆದಿಡುವ ಚುನಾವಣಾ ಆಯೋಗದ ನಮೂನೆ 20ನ್ನು ತೆಗೆದು, ಕರೂರು, ಸಿರಿಗೇರಿ, ಬಾದನಹಟ್ಟಿ, ಎಮ್ಮಿಗನೂರು ಎಂದು ಒಂದೊಂದೇ ಊರಿನ ಹಳೆಯ ಮತಗಳನ್ನು ಹೊಸ ಗೆರೆಯೊಳಗೆ ಕೂಡಿಸಿ, ನಡೆಯದೇ ಇದ್ದ ಚುನಾವಣೆಯ ಫಲಿತಾಂಶವನ್ನು ಕಟ್ಟಬೇಕು. ಸಮೀಕ್ಷೆಯವರು ಸಿರುಗುಪ್ಪಕ್ಕೆ ಹೊರಡುವ ಮೊದಲೇ ಈ ಕೂಡುವ ಕೆಲಸ ಮುಗಿದಿರಬೇಕು.